ಮೈಯಿಲ್ಲದ ಮೃಗ

“ಗುರುಗಳೇ, ಚೀನಾದವರು ಹೊಟ್ಟೆಬಾಕನನ್ನು ‘ತಾವ್‌ತಿಯೆ’ ಎಂದು ಕರೆಯುತ್ತಾರೆ. ಅದು ಒಂದು ಮೃಗದ ಹೆಸರು. ಅವರ ಹಳೆಯ ಕಂಚಿನ ಪಾತ್ರೆಗಳ ಮೇಲೆ ಅದರ ಮುಖವಿದೆ, ಮೈಯಿಲ್ಲ. ಎಲ್ಲವನ್ನೂ ತಿನ್ನುವ ಮೃಗಕ್ಕೆ ಹೊಟ್ಟೆಯೇ ಇಲ್ಲದಿರುವುದು ಹೇಗೆ?”

ಕೇಳಿದವನು ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಆ ವಾರವಷ್ಟೇ ಉಗ್ರಾಣದ ಬೀಗದ ಕೈ ಅವನ ಸೊಂಟಕ್ಕೆ ಬಂದಿತ್ತು. ಮಾತನಾಡುವಾಗಲೂ ಅವನು ಅದನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಗುರುಗಳು ಹೇಳಿದರು: “ಅದು ತನ್ನ ಮೈಯನ್ನೇ ತಿಂದಿತು ಎನ್ನುತ್ತಾರೆ. ಹೇಗೆ ತಿಂದಿತು ಎಂಬುದಕ್ಕೆ ನಾನೊಂದು ಕತೆ ಕಟ್ಟಿ ಹೇಳುತ್ತೇನೆ, ಕೇಳು.”

ಒಂದು ಸೀಮೆಗೆ ಒಬ್ಬ ಒಡೆಯನಿದ್ದ. ಪಕ್ಕದ ಸೀಮೆಯ ಒಡೆಯನ ಬಳಿ ಕಂಚಿನ ಕೊಪ್ಪರಿಗೆಯೊಂದಿದೆ, ಅದರಲ್ಲಿ ಇಡೀ ಹಂದಿ ಬೇಯುತ್ತದೆ ಎಂಬ ಮಾತು ಅವನ ಕಿವಿಗೆ ಬಿತ್ತು. ಅಂದಿನಿಂದ ಅವನಿಗೆ ಉಂಡದ್ದು ರುಚಿಸಲಿಲ್ಲ. ಅವನು ಊರಿನ ಕಂಚುಗಾರನನ್ನು ಕರೆಸಿದ.

“ಸುಗ್ಗಿಯ ಔತಣಕ್ಕೆ ನನಗೆ ಎರಡು ಹಂದಿ ಬೇಯುವ ಕೊಪ್ಪರಿಗೆ ಬೇಕು. ಅದರ ಮೇಲೆ ಆ ಹೊಟ್ಟೆಬಾಕ ಮೃಗವನ್ನು ಕೊಂಬಿನಿಂದ ಬಾಲದವರೆಗೆ ಮೂಡಿಸು. ಬಂದವರು ನೋಡಿ ಹಿತಮಿತವಾಗಿ ಉಣ್ಣಲಿ. ಬಾಲದ ತುದಿ ಕಡಿಮೆಯಾದರೂ ನಿನ್ನ ಕೈ ಉಳಿಯುವುದಿಲ್ಲ.”

“ಅಷ್ಟು ಕಂಚು ಎಲ್ಲಿದೆ, ಒಡೆಯರೇ?”

“ಯಾಕೆ, ಊರಿನಲ್ಲಿ ಯಾರೂ ಅಡುಗೆ ಮಾಡುವುದಿಲ್ಲವೇ?”

ಆಳುಗಳು ಮನೆಮನೆಗೆ ಹೋದರು. ಬೋಗುಣಿ ಬಂತು, ಸೌಟು ಬಂತು. ಕಂಚುಗಾರನ ಹೆಂಡತಿ ತನ್ನ ಅನ್ನದ ಪಾತ್ರೆಯನ್ನು ತಾನೇ ತಂದಿಟ್ಟಳು. “ನಿನ್ನ ಕೈ ಉಳಿದರೆ ಮಡಕೆಯಲ್ಲಾದರೂ ಬೇಯಿಸಿಕೊಳ್ಳೋಣ,” ಎಂದಳು.

ಅಚ್ಚು ಸಿದ್ಧವಾಯಿತು. ಒಡೆಯ ನೋಡಲು ಬಂದ. “ಎರಡು ಸಾಲದು. ಮೂರು ಹಂದಿ ಬೇಯಲಿ,” ಎಂದ. ಕಂಚುಗಾರ ಅಚ್ಚನ್ನು ಒಡೆದು ಮತ್ತೆ ಕಟ್ಟಿದ. ಈಗ ಕಂಚು ಸಾಲಲಿಲ್ಲ. ಒಡೆಯ ಕೋಟೆಯ ಹೆಬ್ಬಾಗಿಲಿನ ಕಂಚಿನ ಅಗುಳಿಗಳನ್ನು ಕೀಳಿಸಿ ಕಳಿಸಿದ. ಅದೂ ಸಾಲಲಿಲ್ಲ. ಕಾವಲುಗಾರರ ಕಂಚಿನ ಕತ್ತಿಗಳನ್ನು ಕಳಿಸಿದ.

ಮುದಿ ಕಾವಲುಗಾರನೊಬ್ಬ ತನ್ನ ಕತ್ತಿಯನ್ನು ಕುಲುಮೆಯ ಮುಂದೆ ಇಟ್ಟು ಕೇಳಿದ: “ಯಾರಾದರೂ ನುಗ್ಗಿ ಬಂದರೆ ಸೌಟು ಹಿಡಿದು ನಿಲ್ಲಲೇನಪ್ಪಾ?”

“ಸೌಟೂ ಇದರಲ್ಲೇ ಇದೆ, ಅಜ್ಜಾ,” ಎಂದ ಕಂಚುಗಾರ.

ಔತಣ ಹತ್ತಿರವಾಯಿತು. ಕಂಚುಗಾರ ಇದ್ದಷ್ಟನ್ನೂ ತೂಗಿದ. ಕೊಪ್ಪರಿಗೆಗೆ ಸಾಕು, ಮೃಗದ ಮುಖಕ್ಕೆ ಸಾಕು, ಮೈಗೆ ಸಾಲದು. ಮತ್ತೆ ತೂಗಿದ. ಅಷ್ಟೇ ಇತ್ತು. ಹೇಳಿದರೆ ಒಡೆಯ ಇನ್ನೇನನ್ನು ಕೀಳಿಸುತ್ತಾನೋ ಎಂಬ ಭಯ. ಹೇಳದಿದ್ದರೆ ಕೈ ಹೋಗುವ ಭಯ. ಅವನು ತನ್ನ ಕೈಗಳನ್ನು ಒಮ್ಮೆ ನೋಡಿಕೊಂಡ. ಅಚ್ಚಿನಲ್ಲಿ ಮೃಗದ ಮೈಗೆಂದು ಕೊರೆದಿದ್ದ ಜಾಗಕ್ಕೆ ಮಣ್ಣು ಮೆತ್ತಿದ. ಎರಕ ಹೊಯ್ದ.

ಔತಣದ ದಿನ ಅತಿಥಿಗಳು ಕುಳಿತರು. ಊರಿನವರು ಮಣ್ಣಿನ ಕುಡಿಕೆ ಹಿಡಿದು ಹೊರಗೆ ನಿಂತರು. ಒಡೆಯ ಕೊಪ್ಪರಿಗೆಯನ್ನು ಸುತ್ತಿ ಬಂದು ನಿಂತ.

“ಮೈ ಎಲ್ಲಿ?”

ಕಂಚುಗಾರ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. “ಅದು ತಿಂದುಬಿಟ್ಟಿತು, ಒಡೆಯರೇ.”

“ತನ್ನ ಮೈಯನ್ನೇ?”

“ತಿನ್ನಲು ಬೇರೇನೂ ಉಳಿದಿರಲಿಲ್ಲ.”

ಅತಿಥಿಗಳು ನಕ್ಕರು. ಅವರು ನಕ್ಕದ್ದನ್ನು ನೋಡಿ ಒಡೆಯನೂ ನಕ್ಕ. ಕಂಚುಗಾರನ ಕೈ ಉಳಿಯಿತು.

ಊಟ ಅರ್ಧವೂ ಆಗಿರಲಿಲ್ಲ. ಪಕ್ಕದ ಸೀಮೆಯ ಒಡೆಯ ದಂಡಿನೊಡನೆ ಬಂದ. ಹೆಬ್ಬಾಗಿಲನ್ನು ಮುರಿಯಬೇಕಾಗಲಿಲ್ಲ, ತಳ್ಳಿದರೆ ಸಾಕಾಯಿತು. ಕಾವಲುಗಾರರು ಬರಿಗೈಯಲ್ಲಿ ನಿಂತಿದ್ದರು. ಉಣ್ಣುತ್ತಿದ್ದ ಒಡೆಯನನ್ನು ಎಬ್ಬಿಸಿ, ಕಟ್ಟಿ, ಕರೆದುಕೊಂಡು ಹೋದರು. ಬಾಯಿಯ ತುತ್ತನ್ನು ನುಂಗಲೂ ಬಿಡಲಿಲ್ಲ.

ಬಂದವನು ಅದೇ ಪೀಠದಲ್ಲಿ ಕುಳಿತ. ಕೊಪ್ಪರಿಗೆ ಇನ್ನೂ ಬಿಸಿಯಾಗಿತ್ತು. ಬಡಿಸಲು ಹೇಳಿದ. ಒಂದು ತುತ್ತು ಉಂಡು, ಕಂಚುಗಾರನನ್ನು ಕರೆಸಿದ.

“ಕೆಲಸ ಚೆನ್ನಾಗಿದೆ. ನನಗೆ ಇದಕ್ಕಿಂತ ದೊಡ್ಡದು ಬೇಕು,” ಎಂದ. ಮತ್ತೆ ಆ ಮುಖವನ್ನು ನೋಡಿ ಕೇಳಿದ: “ಅಂದಹಾಗೆ, ಇದಕ್ಕೆ ಮೈ ಎಲ್ಲಿ?”

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

ಶಿಷ್ಯನ ಕೈ ಬೀಗದ ಕೈಯ ಮೇಲೆಯೇ ಇತ್ತು. “ಕಂಚುಗಾರ ಏನೆಂದ, ಗುರುಗಳೇ?”

“‘ಈಗತಾನೇ ಊಟಕ್ಕೆ ಕುಳಿತಿದೆ, ಒಡೆಯರೇ’ ಎಂದ.”