ಕರಡಿ ಕೇಳಿದ ವಾಯಿದೆ

ಎಣ್ಣೆ ಸುಟ್ಟು ಹೊಗೆಯುಗುಳುತ್ತ ಓಡುವ ಗಾಡಿಗಳನ್ನು ಕಟ್ಟಿ ಮಾರುವುದು ಕರಡಿ ಜಾಂಬಣ್ಣನ ಕಸುಬು. ಒಂದು ದಿನ ಆನೆರಾಜ, "ಯುಗಾದಿಯಿಂದ ಈ ಕಾಡಿನಲ್ಲಿ ಹೊಗೆ ಬಿಡುವ ಗಾಡಿ ಮಾರಕೂಡದು" ಎಂದು ಡಂಗುರ ಹೊಡೆಸಿದ.

ಜಾಂಬಣ್ಣ ಎದ್ದೆನೋ ಬಿದ್ದೆನೋ ಎಂದು ಓಡಿಬಂದ. "ಮಹಾಸ್ವಾಮಿ, ಅವಸರ ಮಾಡಿದರೆ ನನ್ನ ಕಾರ್ಖಾನೆಗೆ ಬೀಗ ಬೀಳುತ್ತದೆ. ಪಕ್ಕದ ಕಾಡಿನ ನರಿ ಆಗಲೇ ಹೊಗೆಯಿಲ್ಲದ ಗಾಡಿ ಕಟ್ಟುತ್ತಿದ್ದಾನೆ, ಸಂತೆಯನ್ನೆಲ್ಲ ನುಂಗಿಬಿಡುತ್ತಾನೆ. ಒಂದು ವರ್ಷ ವಾಯಿದೆ ಕೊಡಿ, ಹೊಗೆಯಿಲ್ಲದ ಗಾಡಿ ಕಟ್ಟುವುದನ್ನು ಕಲಿಯುತ್ತೇನೆ."

"ಆಗಲಿ, ಕಲಿ" ಎಂದ ರಾಜ.

ವಾಯಿದೆ ಸಿಕ್ಕಿದ್ದೇ ತಡ, ಜಾಂಬಣ್ಣ ಜೇನು ನೆಕ್ಕುತ್ತ ಹಳೇ ಗಾಡಿಗಳನ್ನೇ ಕಟ್ಟಿದ. ವರ್ಷ ತುಂಬಿದಾಗ ಮತ್ತೆ ಬಂದು ಕೈಮುಗಿದ. "ಇನ್ನೊಂದೇ ವರ್ಷ, ಸ್ವಾಮಿ!"

"ಅಲ್ಲಯ್ಯಾ, ಹೊಗೆಯಿಲ್ಲ, ಸದ್ದಿಲ್ಲ, ನಡೆದೇ ಬಂದೆಯಾ?"

ಜಾಂಬಣ್ಣ ತಲೆ ಕೆರೆದುಕೊಂಡ. "ನನ್ನ ಗಾಡಿ ಹತ್ತಿದರೆ ನನ್ನವಳಿಗೆ ಕೆಮ್ಮು, ಸ್ವಾಮಿ. ನರಿಯ ಹೊಸ ಗಾಡಿ ಕೊಂಡೆವು. ಬಲು ಸೊಗಸಾಗಿ ಓಡುತ್ತದೆ!"

ಆನೆರಾಜ ಸೊಂಡಿಲಲ್ಲೇ ನಗು ಮುಚ್ಚಿಕೊಂಡ. "ಹಾಗಾದರೆ ಈ ವಾಯಿದೆ ಯಾರಿಗಯ್ಯಾ ಕೊಡಲಿ, ನಿನಗೋ ನರಿಗೋ?"