ದುರ್ಗಪ್ಪನ ಪಾಲಿನ ಚಡಪಡಿಕೆ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಹೇಳಿದವನ ಮೀಸೆ ಇವತ್ತೇ ಉದುರಿಹೋಗಲಿ.

ಹೊಳೆದಂಡೆಯ ಆಶ್ರಮದಲ್ಲಿ ಫಕೀರಯ್ಯನೆಂಬ ಶಿಷ್ಯನಿದ್ದ. ಧ್ಯಾನಕ್ಕೆ ಕೂತರೆ ಎಷ್ಟು ಚಡಪಡಿಸುತ್ತಿದ್ದನೆಂದರೆ, ಒಮ್ಮೆ ಅವನ ಚಾಪೆ ಅವನನ್ನೂ ಹೊತ್ತುಕೊಂಡು ಸರಿಯುತ್ತ ಸರಿಯುತ್ತ ಹೊಳೆಗೇ ಇಳಿದಿತ್ತು.

“ಅಜ್ಜಾರ, ನನಗ ದೀಕ್ಷೆ ಯಾವಾಗ್ರಿ?”

“ಮೊದಲು ದುರ್ಗಪ್ಪನ್ನ ನೋಡ್ಕೋ ಹೋಗು,” ಅಂದರು ಗುರುಗಳು.

ದುರ್ಗಪ್ಪ ದೋಣಿ ನಡೆಸುತ್ತಿದ್ದವ. ಲಕ್ವ ಹೊಡೆದು ಆಶ್ರಮದ ಆಸ್ಪತ್ರೆಯಲ್ಲಿ ಮಲಗಿದ್ದ. ಮಾತು ಗಟ್ಟಿಯಿತ್ತು, ಮಗ್ಗಲು ಬದಲಿಸುವ ಶಕ್ತಿ ಇರಲಿಲ್ಲ. ಎರಡು ತಾಸಿಗೊಮ್ಮೆ ಹೊರಳಿಸಲೇಬೇಕೆಂದು ಡಾಕ್ಟರು ಹೇಳಿದ್ದರು. ಅದೇ ಮಂಚದಲ್ಲಿ ಹಿಂದೆ ಇದ್ದವನು ಬೆನ್ನಹುಣ್ಣು ಕೊಳೆತೇ ತೀರಿಕೊಂಡಿದ್ದ.

ಒಂದು ಮುಂಜಾನೆ ಫಕೀರಯ್ಯ ಮಂಚದ ಪಕ್ಕದಲ್ಲೇ ಧ್ಯಾನಕ್ಕೆ ಕೂತ. ಕಾಲು ಜೋಮು ಹಿಡಿಯಿತು. ನೊಣ ಮೂಗೇರಿತು. ಕದಲಲಿಲ್ಲ. ಹೊರಳಿಸುವ ಗಂಟೆ ಬಡಿಯಿತು. ಈಗ ಎದ್ದರೆ ಎಲ್ಲ ಕೆಟ್ಟಿತು ಅಂದುಕೊಂಡ. ಮತ್ತೊಮ್ಮೆ ಬಡಿಯಿತು.

ಮಧ್ಯಾಹ್ನ ಎದ್ದವನೇ ಓಡಿದ.

“ಗೆದ್ದೆ, ಅಜ್ಜಾರ! ಮುಂಜಾನಿಂದ ಒಂಚೂರೂ ಅಲುಗಾಡಿಲ್ಲ!”

“ದುರ್ಗಪ್ಪ?”

“ಅವನೂ ಅಲುಗಾಡಿಲ್ರಿ.”

ಅಜ್ಜಾರು ಬಂದು ದುರ್ಗಪ್ಪನನ್ನು ಮಗ್ಗಲಾಗಿಸಿದರು. ಬೆನ್ನಿನ ತುದಿಯಲ್ಲಿ ರೂಪಾಯಿ ಅಗಲದ ಕೆಂಪು ಕಲೆ. ಬೆರಳಿಂದ ಒತ್ತಿದರು. ಬಿಳುಪಾಗಲಿಲ್ಲ; ಹುಣ್ಣಾಗುವ ಮೊದಲ ಗುರುತು ಅದು.

ಫಕೀರಯ್ಯ ಗಡಬಡಿಸಿ ಬಗ್ಗಿದ. ಉಜ್ಜಲು ಕೈ ಚಾಚಿದ.

“ಉಜ್ಜಬ್ಯಾಡ. ಅದರ ಮ್ಯಾಲಿನ ಭಾರ ತೆಗಿ.”

“ದೋಣಿ ತಳ ತೂತಾತೇನ್ರಿ, ಅಜ್ಜಾರ?” ದುರ್ಗಪ್ಪ ಕೇಳಿದ.

“ಇನ್ನೂ ಇಲ್ಲಪಾ.”

ಅವತ್ತಿಂದ ಫಕೀರಯ್ಯ ನಿಂತಲ್ಲಿ ನಿಲ್ಲಲಿಲ್ಲ. ಎಡಕ್ಕೆ ಹೊರಳಿಸಿದ, ಬಲಕ್ಕೆ ಹೊರಳಿಸಿದ. ಮೊಣಕಾಲ ನಡುವೆ ದಿಂಬಿಟ್ಟ. ಹಾಸಿಗೆಯ ಸುಕ್ಕು ಎಳೆದ, ಒದ್ದೆ ಬಟ್ಟೆ ಬದಲಿಸಿದ. ಗಂಟೆ ಬಡಿಯುವ ಮೊದಲೇ ಬಂದು ಬಗ್ಗಿ ನೋಡಿದ.

“ತುಸು ಕೂಡೋ ಮಾರಾಯ. ನಿನ್ನ ನೋಡೇ ನನಗ ದಣಿವಾತು,” ಎಂದು ದುರ್ಗಪ್ಪ ಬೈದ.

ಆರನೆಯ ದಿನ ಫಕೀರಯ್ಯ ಮತ್ತೆ ಬೆನ್ನು ನೋಡಿದ. ಕಲೆ ಹೋಗಿತ್ತು. ಗೋಡೆ ಹಿಡಿದು ಅತ್ತುಬಿಟ್ಟ. ಅಳುವಾಗಲೂ ಕಾಲು ಕುಣಿಯುತ್ತಲೇ ಇತ್ತು.

“ಅಜ್ಜಾರ, ಈ ನನ್ನ ಚಡಪಡಿಕೆ ಯಾವಾಗ ಹೋಗ್ತದ್ರಿ?”

“ಅದರಾಗ ದುರ್ಗಪ್ಪನ ಪಾಲೂ ಐತಿ. ಅವ ಎದ್ದು ಕೇಳೋತನಕ ಇಟ್ಕೊಂಡಿರು.”

ಚಾಪೆ ಹೊಳೆಗಿಳಿದದ್ದು ಮಾತ್ರ ಸುಳ್ಳು. ಹೊಸ್ತಿಲ ತನಕ ಹೋಗಿತ್ತು, ಅಷ್ಟೇ.