ಬೆಸುಗೆಯ ಪಕ್ಕದ ನೀಲಿ ಗೆರೆ

ಲೋಕ ಇನ್ನೂ ಹಸಿ ಮಣ್ಣಿನ ವಾಸನೆ ಹೊಡೆಯುತ್ತಿದ್ದ ಕಾಲ. ಬೆಟ್ಟಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಗಾಳಿ, ಹೊಳೆ, ಕಬ್ಬಿಣ ಎಲ್ಲವೂ ಬಾಯಿಬಿಟ್ಟು ಮಾತಾಡುತ್ತಿದ್ದವು. ಈಗಲೂ ಮಾತಾಡುತ್ತವೆ ಪುಟ್ಟಿ, ಕೇಳುವ ವ್ಯವಧಾನ ನಮಗಿಲ್ಲ ಅಷ್ಟೆ.

ಆಗ ಹೊಳೆಗೆ ಬಹಳ ಸೊಕ್ಕು. ಮಳೆ ಬಂದಾಗಲೆಲ್ಲ ಹೊಲಕ್ಕೆ ನುಗ್ಗಿ, ಬಿತ್ತಿದ ಜೋಳವನ್ನೆಲ್ಲ ಬಳಿದುಕೊಂಡು ಹೋಗುತ್ತಿತ್ತು. ಜನ ಅದಕ್ಕೆ ಅಡ್ಡಲಾಗಿ ಕಲ್ಲಿನ ಒಡ್ಡು ಕಟ್ಟಿದರು. ನಡುವೆ ಒಂದು ಮರದ ಕದ ಇಟ್ಟರು. ಇನ್ನು ಆ ಕದಕ್ಕೊಂದು ಅಗುಳಿ ಬೇಕು, ಹೊಳೆ ಎಷ್ಟು ತಳ್ಳಿದರೂ ಬಿಟ್ಟುಕೊಡದ ಕಬ್ಬಿಣದ ಅಗುಳಿ.

ಅದನ್ನು ಮಾಡುವ ಕೆಲಸ ಮೋನವ್ವನ ಪಾಲಿಗೆ ಬಂತು. ಕಬ್ಬಿಣ ಕಾಯಿಸುವ ಕುಲುಮೆಯನ್ನು ಲೋಕದಲ್ಲಿ ಮೊಟ್ಟಮೊದಲು ಹೂಡಿದವಳು ಅವಳೇ. ದೊಡ್ಡ ಹಟಮಾರಿ. ನನಗಂತೂ ಅವಳೆಂದರೆ ಬಲು ಇಷ್ಟ.

ಕದ ಅಗಲವಾಗಿತ್ತು. ಮೋನವ್ವನ ಹತ್ತಿರ ಇದ್ದದ್ದು ಎರಡು ಗಿಡ್ಡ ಸರಳು. ಎರಡರ ಒಂದೊಂದು ತುದಿಯನ್ನು ಬೆಳ್ಳಗಾಗುವ ತನಕ ಕಾಯಿಸಿದಳು. ತುದಿಗಳು ಬೆಲ್ಲದ ಪಾಕದ ಹಾಗೆ ಮೆತ್ತಗಾದವು. ಒಂದರ ಮೇಲೊಂದಿಟ್ಟು ಸುತ್ತಿಗೆಯಿಂದ ಬಡಿದಳು. ಎರಡು ಹೋಗಿ ಒಂದಾಯಿತು.

"ತಾ ಇಲ್ಲಿ, ಆರಿಸಿ ಕೊಡ್ತೀನಿ," ಎಂದಿತು ಹೊಳೆ.

ಕುಡುಗೋಲು ಮಾಡಿದಾಗಲೆಲ್ಲ ಮೋನವ್ವ ಅದರ ಕಾದ ಅಲಗನ್ನು ಹೊಳೆಯಲ್ಲಿ ಚುಂಯ್ ಎಂದು ಅದ್ದುತ್ತಿದ್ದಳು. ಅಲಗು ಗಡುಸಾಗುತ್ತಿತ್ತು. ಅದೇ ರೂಢಿ. ಕೈ ತನ್ನಷ್ಟಕ್ಕೆ ಹೋಯಿತು, ಸರಳನ್ನೂ ಚುಂಯ್ ಎಂದು ಅದ್ದಿಬಿಟ್ಟಳು.

ಅಗುಳಿ ಹಾಕಿದರು. ಮಳೆ ಬಂತು. ಹೊಳೆ ಒಂದೇ ಸಲ ತಳ್ಳಿತು. ಟಣ್! ಅಗುಳಿ ಬಳೆಯ ಹಾಗೆ ಮುರಿದು ಬಿತ್ತು. ಹೊಳೆ ನಗುತ್ತಾ ಹೊಲಕ್ಕೆ ನುಗ್ಗಿತು, ಬಿತ್ತನೆಯೆಲ್ಲ ಕೊಚ್ಚಿಹೋಯಿತು. ಇನ್ನೊಂದು ಸಲ ಬಿತ್ತುವಷ್ಟು ಕಾಳು ಮಾತ್ರ ಊರಲ್ಲಿ ಉಳಿದಿತ್ತು. ಅದನ್ನು ಬಿತ್ತಿದರು. ಅದೂ ಹೋದರೆ ಆ ವರ್ಷ ಮಕ್ಕಳ ಹೊಟ್ಟೆಗೆ ಏನೂ ಇಲ್ಲ.

"ನಿನ್ನ ಬೆಸುಗಿ ಸುಳ್ಳು!" ಎಂದು ಜನ ಮೋನವ್ವನನ್ನು ಬೈದರು.

ಅವಳು ಮುರಿದ ತುಂಡುಗಳನ್ನು ಎತ್ತಿ ನೋಡಿದಳು. ಬೆಸುಗೆ ಹಾಕಿದ ಜಾಗ ಗಟ್ಟಿಯಾಗಿ ಹಾಗೇ ಇತ್ತು. ಮುರಿದದ್ದು ಅದರ ಪಕ್ಕದಲ್ಲಿ, ಎರಡು ಬೆರಳು ಆಚೆ. ಅಲ್ಲಿ ಕಲ್ಲುಸಕ್ಕರೆಯಂಥ ದಪ್ಪ ದಪ್ಪ ಹರಳು ಕಾಣುತ್ತಿದ್ದವು.

"ಬೆಸುಗಿ ನಿಂತೈತಿ. ನೀ ಯಾಕ ಮುರಿದಿ?" ಎಂದು ಕಬ್ಬಿಣವನ್ನೇ ಕೇಳಿದಳು.

ಕಬ್ಬಿಣಕ್ಕೂ ಸಿಟ್ಟು ಬಂದಿತ್ತು. "ತುದಿಯಾಗಿದ್ದವರು ಕರಗಿ ಹೊಸದಾಗಿ ಕೂಡಿದ್ರು. ದೂರ ಇದ್ದವರಿಗೆ ಬಿಸಿ ತಾಗಲೇ ಇಲ್ಲ. ನಡುವ ಸಿಕ್ಕವ ನಾನು. ಕರಗಲೂ ಇಲ್ಲ, ತಣ್ಣಗೂ ಇರಲಿಲ್ಲ. ಕಾವಿಗೆ ನನ್ನ ಒಳಗಿನ ಹರಳೆಲ್ಲ ಉಬ್ಬಿದ್ವು. ಸುಧಾರಿಸಿಕೊಳ್ಳೋ ಮೊದಲೇ ನೀರಿಗೆ ಹಾಕಿದಿ. ನಿಂತಲ್ಲೇ ಸೆಟೆದು ಹೋದೆ."

"ಕುಡುಗೋಲಿಗೆ ನೀರು ಹಾಕಿದ್ರ ಚಲೋ ಆಗತಿತ್ತಲ್ಲ?"

"ಕುಡುಗೋಲಿಗೆ ಕೊಯ್ಯೋ ಕೆಲಸ, ಅದಕ್ಕ ಗಡುಸು ಬೇಕು. ನನ್ನದು ತಡೆಯೋ ಕೆಲಸ. ನನಗ ಹೊತ್ತು ಬೇಕು. ನನ್ನಷ್ಟಕ್ಕ ನಾನೇ ಆರಬೇಕು."

ಮೋನವ್ವ ಸರಳನ್ನೆಲ್ಲ ಮತ್ತೆ ಕಾಯಿಸಿ, ಮುರಿದಲ್ಲಿ ಕೂಡಿಸಿ ಬಡಿದಳು. ಆಮೇಲೆ ಕಲ್ಲುಕಟ್ಟೆಯ ಮೇಲೆ ಮಲಗಿಸಿ, ಬೆಚ್ಚಗಿನ ಬೂದಿಯನ್ನು ಮೊರಗಟ್ಟಲೆ ಸುರಿದು ಮುಚ್ಚಿದಳು.

ಅಷ್ಟರಲ್ಲಿ ಮತ್ತೆ ಮಳೆ ಶುರುವಾಯಿತು. ಅಗುಳಿಯಿಲ್ಲದ ಕದಕ್ಕೆ ಊರಿನವರೆಲ್ಲ ಬೆನ್ನು ಕೊಟ್ಟು ನಿಂತರು. ಸಂದಿನಿಂದ ನುಸುಳಿದ ನೀರು ಮೋನವ್ವನ ಪಾದ ಮುಟ್ಟಿತು.

"ಕೊಡು ಇಲ್ಲಿ," ಎಂದಿತು ಹೊಳೆ. "ಲೋಕದಾಗ ಕಾದ ಕಬ್ಬಿಣ ಎಲ್ಲಾ ನನ್ನದು."

"ಇದು ನಿನ್ನದಲ್ಲ."

"ನಾನು ಒಂಚೂರು ಊದಲೇನು?" ಎಂದಿತು ಗಾಳಿ.

"ನೀನೂ ಬ್ಯಾಡ. ದೂರ ಸರಿ."

ನೀರು ಅವಳ ಮೊಣಕಾಲಿಗೆ ಬಂತು. ಕದದ ಹತ್ತಿರದಿಂದ ಜನ ಕೂಗಿದರು. "ಅದ್ದವ್ವ ಬೇಗ! ಬೆನ್ನು ಮುರಿಯಾಕತ್ತಾವು! ಹೊಲ ಹೋಗತೈತಿ!"

ಮೋನವ್ವನಿಗೆ ಹೆದರಿಕೆ ಆಗಲಿಲ್ಲ ಅಂದುಕೊಳ್ಳಬೇಡ. ಆದರೂ ಕಟ್ಟೆಗೆ ಅಡ್ಡ ನಿಂತು, ಸೆರಗನ್ನು ಸೊಂಟಕ್ಕೆ ಬಿಗಿದು, ಗಟ್ಟಿಯಾಗಿ ಹೇಳಿದಳು. "ಅದ್ದಂಗಿಲ್ಲ. ಅದು ಆರೋ ತನಕ ನೀವು ಕದ ಹಿಡೀರಿ. ಬರೋ ಹೊಳಿ ಬರಲಿ, ನಾ ಇಲ್ಲೇ ಇದ್ದೀನಿ."

ಹೊಳೆ ಗದರಿಸಿತು, ಅವಳು ಅಲುಗಲಿಲ್ಲ. ಹೊಳೆ ಪುಸಲಾಯಿಸಿತು, ಆಗಲೂ ಅಲುಗಲಿಲ್ಲ. ಕೊನೆಗೆ ಬೂದಿಯೊಳಗೆ ಕೈ ಹಾಕಿ ನೋಡಿದಾಗ ಸರಳು ಕುಡಿಯುವ ಹಾಲಿನಷ್ಟು ಬೆಚ್ಚಗಿತ್ತು. ಎತ್ತಿಕೊಂಡು ಓಡಿದಳು. ಅಗುಳಿ ಕೂತಿತು. ಜನ ಉಸ್ಸೆಂದು ಕದದಿಂದ ಬೆನ್ನು ತೆಗೆದರು.

ಹೊಳೆ ಹಿಂದೆ ಸರಿದು, ಇದ್ದಬದ್ದ ಬಲವೆಲ್ಲ ಹಾಕಿ ಗುದ್ದಿತು. ಅಗುಳಿ ಕಿರ್ರೆಂದಿತು. ಬೆಸುಗೆಯ ಪಕ್ಕದಲ್ಲೇ, ಹಿಂದಿನ ಸಲದಂತೆಯೇ, ಒಂದು ಬೆರಳಿನಷ್ಟು ಬಾಗಿತು. ಅಲ್ಲಿಗೇ ನಿಂತಿತು.

"ಬಾಗಿದಿ! ಬಾಗಿದಿ!" ಎಂದು ಹೊಳೆ ಕುಣಿಯಿತು.

"ಹೌದು, ಬಾಗೀನಿ," ಎಂದಿತು ಕಬ್ಬಿಣ. "ಕದ ಬಿಟ್ಟೀನೇನು?"

ಹೊಳೆ ಮುಖ ತಿರುಗಿಸಿಕೊಂಡು ತನ್ನ ಪಾತ್ರದಲ್ಲೇ ಹರಿದುಹೋಯಿತು. ಆ ವರ್ಷ ಜೋಳ ಆಳೆತ್ತರ ಬೆಳೆಯಿತು.

ಮೋನವ್ವ ಅಗುಳಿಯ ಬೂದಿ ಒರೆಸಿದಳು. ಬೆಸುಗೆಯ ಎರಡೂ ಪಕ್ಕ ಒಣಹುಲ್ಲಿನ ಹಳದಿ, ಬದನೆಕಾಯಿಯ ಬಣ್ಣ, ಆಮೇಲೆ ಕಡುನೀಲಿ, ಹೀಗೆ ಗೆರೆ ಮೂಡಿದ್ದವು. ಅವಳು ತಿಕ್ಕಿ ಅಳಿಸಲು ಹೋದಳು.

"ಬ್ಯಾಡ, ಇರಲಿ," ಎಂದಿತು ಕಬ್ಬಿಣ. "ಎಷ್ಟು ಕಾವು ತಿಂದೀನಿ ಅಂತ ಆ ಹೊಳಿ ನೋಡಲಿ."

ಅದಕ್ಕೇ ಪುಟ್ಟಿ, ಇವತ್ತಿಗೂ ವೆಲ್ಡಿಂಗ್ ಅಂಗಡಿಯಲ್ಲಿ ಕಿಡಿ ಹಾರಿ ನಿಂತ ಮೇಲೆ ನೋಡು, ಬೆಸುಗೆಯ ಪಕ್ಕದಲ್ಲಿ ಹಳದಿ, ನೇರಳೆ, ನೀಲಿ ಗೆರೆಗಳನ್ನು ತೊಟ್ಟುಕೊಂಡು ಕಬ್ಬಿಣ ಯಾರ ಅಪ್ಪಣೆಗೂ ಕಾಯದೆ ತನ್ನಷ್ಟಕ್ಕೆ ತಾನು ಆರುತ್ತಾ ಕೂತಿರುತ್ತದೆ.